ಖಾನಾಪುರದ ಜೋಡಿ ಪಟ್ಟ

ನಮ್ಮ ಮನೆಯ ಉಪ್ಪಿನಕಾಯಿ ಭರಣಿಗೆ ಕಟ್ಟುವ ಬಟ್ಟೆಗೆ ಎರಡು ಕಣ್ಣು ಮತ್ತು ಒಂದು ಬಾಯಿ ಇವೆ. ಕಣ್ಣುಗಳನ್ನು ಅವ್ವ ಬೇರೆ ಬಣ್ಣದ ತುಂಡು ಹಚ್ಚಿ ಹೊಲಿದು ಮುಚ್ಚಿದ್ದಾಳೆ. ಬಾಯಿಯನ್ನು ಮಾತ್ರ ಯಾಕೋ ಹಾಗೆಯೇ ಬಿಟ್ಟಿದ್ದಾಳೆ. ಒಳಗೆ ಇನ್ನೊಂದು ಬಟ್ಟೆ ಕಟ್ಟಿರುತ್ತೇವೆ, ಆದ್ದರಿಂದ ಇರುವೆಯ ಚಿಂತೆ ಬೇಡ. ಆದರೂ ಮನೆಗೆ ಬಂದ ಹೊಸಬರು ಅಡುಗೆಮನೆಯ ಕಟ್ಟೆಯ ಮೇಲೆ ಕೂತ ಆ ಗುಲಾಬಿ ಮುಖವನ್ನು ನೋಡಿ ಸ್ವಲ್ಪ ಹಿಂದೆ ಸರಿಯುತ್ತಾರೆ. ಅದು ಮೆಕ್ಸಿಕೋದ ಕುಸ್ತಿಯ ಮುಖವಾಡ ಎಂದು ನಾನು ಹೇಳುತ್ತೇನೆ. ಹೌದೇನ್ರಿ ಎಂದು ಅವರು ಉಪ್ಪಿನಕಾಯಿ ಬೇಡವೆನ್ನುತ್ತಾರೆ.

ಆ ಮುಖವಾಡ ನನ್ನದು. ನಾನು ಬೆಳಗಾವಿಯ ಟಿಳಕವಾಡಿಯ ಒಂದು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವವಳು. ಚಾಳೀಸು ಬಂದಿದೆ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಆದರೆ ಒಂದು ಕಾಲಕ್ಕೆ, ಮತ್ತು ನಿಯಮ ಹಿಡಿದು ನೋಡಿದರೆ ಇವತ್ತಿಗೂ, ಖಾನಾಪುರದ ಜೋಡಿ ಕುಸ್ತಿಯ ಪಟ್ಟದಲ್ಲಿ ಅರ್ಧ ನನ್ನದು. ಉಳಿದರ್ಧ ನನ್ನ ಗೆಳತಿ ಶಾಹೀನಳದು. ಈ ವಿಷಯ ನನ್ನ ವಿದ್ಯಾರ್ಥಿಗಳಿಗೆ ಗೊತ್ತಿಲ್ಲ. ಗೊತ್ತಾದರೆ ಅಕ್ಷಾಂಶ ರೇಖಾಂಶಗಳನ್ನು ಇನ್ನಷ್ಟು ಶ್ರದ್ಧೆಯಿಂದ ಕಲಿಯುತ್ತಾರೆಂಬ ನಂಬಿಕೆಯೂ ನನಗಿಲ್ಲ.

ನಮ್ಮೂರು ಖಾನಾಪುರಕ್ಕೆ ಮೆಕ್ಸಿಕೋ ಬಂದದ್ದು ಗೋವಾದ ಮೂಲಕ. ನಮ್ಮ ಓಣಿಗೆ ಕೇಬಲ್ ಟೀವಿ ಎಳೆದವನ ಭಾವ ಗೋವಾದವನು, ಹಡಗಿನಲ್ಲಿ ಅಡುಗೆ ಮಾಡುತ್ತಿದ್ದ. ರಜೆಗೆ ಬಂದಾಗ ಎಲ್ಲೋ ಸಿಕ್ಕ ಒಂದು ವಿಡಿಯೋ ಕ್ಯಾಸೆಟ್ ತಂದುಕೊಟ್ಟಿದ್ದ. ಅದರ ಮೇಲೆ ಪೆನ್ನಿನಿಂದ ಮೆಕ್ಸಿಕೋ ಎಂದು ಬರೆದಿತ್ತು. ಕೇಬಲ್ಲಿನವನ ಹತ್ತಿರ ಬೇರೆ ಕ್ಯಾಸೆಟ್ಟುಗಳು ಹೆಚ್ಚಿರಲಿಲ್ಲ. ಮರಾಠಿ ಸಿನಿಮಾ ಮುಗಿದು ಕೈ ಖಾಲಿಯಾದಾಗಲೆಲ್ಲ ಇದನ್ನೇ ಹಾಕುತ್ತಿದ್ದ. ಹೀಗಾಗಿ ನಮ್ಮ ಓಣಿಯ ಮಕ್ಕಳಿಗೆ ಮಗ್ಗಿಗಿಂತ ಮೆಕ್ಸಿಕೋದ ಕುಸ್ತಿ ಚೆನ್ನಾಗಿ ಬಾಯಿಪಾಠವಾಗಿತ್ತು.

ಕ್ಯಾಸೆಟ್ಟಿನೊಳಗೆ ಮುಖಕ್ಕೆ ಬಣ್ಣದ ಚೀಲ ತೊಟ್ಟ ಗಂಡಸರು ಹಗ್ಗ ಕಟ್ಟಿದ ಚೌಕದಲ್ಲಿ ಹಾರಾಡುತ್ತಿದ್ದರು. ಇಬ್ಬರ ಮೇಲೆ ಇಬ್ಬರು. ಒಬ್ಬ ಒಳಗೆ ಹೊಡೆದಾಡಿ ದಣಿದರೆ ಹಗ್ಗದಾಚೆ ನಿಂತ ತನ್ನ ಜೋಡಿಯ ಅಂಗೈ ಮುಟ್ಟಿ ಹೊರಗೆ ಬರುತ್ತಿದ್ದ, ಮುಟ್ಟಿಸಿಕೊಂಡವನು ಒಳಗೆ ಹೋಗುತ್ತಿದ್ದ. ಗೆದ್ದರೆ ಇಬ್ಬರಿಗೂ ಕೂಡಿ ಒಂದು ಪಟ್ಟ. ಸ್ಪಾನಿಷ್ ಭಾಷೆಯಲ್ಲಿ ಒಬ್ಬ ಒಂದೇ ಸಮನೆ ಒದರುತ್ತಿದ್ದ. ಅವನ ಮಾತು ನಮಗೆ ಒಂದಕ್ಷರ ತಿಳಿಯದಿದ್ದರೂ ಯಾವ ಜಾಗದಲ್ಲಿ ಒದರುತ್ತಾನೆಂದು ಗೊತ್ತಿತ್ತು. ಆ ಜಾಗ ಬಂದಾಗ ನಾವೂ ಒದರುತ್ತಿದ್ದೆವು.

ತೊಂದರೆ ಇದ್ದದ್ದು ಕೊನೆಯಲ್ಲಿ. ಎದುರಾಳಿಗಳು ಪಟ್ಟ ಕಸಿದುಕೊಳ್ಳಲು ಬಂದು, ಹಳೆಯ ಜೋಡಿಯ ಒಬ್ಬ ಅಂಗಾತ ಬೀಳುವ ಜಾಗಕ್ಕೆ ಸರಿಯಾಗಿ ಟೇಪನ್ನು ಮಶೀನು ನುಂಗಿಬಿಟ್ಟಿತ್ತು. ಅಲ್ಲಿಂದ ಮುಂದೆ ಬರೀ ಗೆರೆಗಳು. ಪಟ್ಟ ಗೆಲ್ಲುವುದು ಹೇಗೆಂದು ಖಾನಾಪುರಕ್ಕೆ ಗೊತ್ತಾಯಿತು, ಕಳೆದುಕೊಳ್ಳುವುದು ಹೇಗೆಂದು ಗೊತ್ತಾಗಲಿಲ್ಲ. ಆ ಕೊರತೆಯನ್ನು ತುಂಬಿದವನು ನಮ್ಮ ದೊಡ್ಡಪ್ಪ.

ದೊಡ್ಡಪ್ಪ ಎಂದರೆ ಅಪ್ಪನ ಅಣ್ಣ, ಓಣಿಯ ಹಿಟ್ಟಿನ ಗಿರಣಿಯವನು. ಹರೆಯದಲ್ಲಿ ಕುಸ್ತಿ ಆಡಿದವನು. ಎಷ್ಟು ಕುಸ್ತಿ ಗೆದ್ದೆ ಎಂದು ಕೇಳಿದರೆ ಎದುರಾಳಿಗಳು ಏನೇನು ತಿನ್ನುತ್ತಿದ್ದರು ಎಂದು ವರ್ಣಿಸುತ್ತಿದ್ದ, ಆದ್ದರಿಂದ ಹೆಚ್ಚು ಗೆದ್ದಿರಲಿಕ್ಕಿಲ್ಲ. ಗಿರಣಿಯ ಹಿಂದೆ ಅವನ ಕಾಲದ ತಾಲೀಮಿನ ಕೆಂಪು ಮಣ್ಣಿನ ಕಣ ಉಳಿದಿತ್ತು. ಅದರ ಒಂದು ಮೂಲೆಯಲ್ಲಿ ದೊಡ್ಡವ್ವ ಕೋತಂಬರಿ ಹಾಕಿದ್ದಳು. ಉಳಿದ ಜಾಗಕ್ಕೆ ನಾವು ಚೀಲ ಕಟ್ಟುವ ಹಗ್ಗ ಎಳೆದು ಮೆಕ್ಸಿಕೋ ಮಾಡಿಕೊಂಡೆವು.

ದೊಡ್ಡಪ್ಪನಿಗೆ ಮೊದಲು ಈ ಜೋಡಿಯ ವಿಚಾರವೇ ಹಿಡಿಸಲಿಲ್ಲ.

"ಕುಸ್ತಿ ಅಂದ್ರ ಒಬ್ಬಂವ," ಎಂದ. "ಬೆನ್ನಿಗೆ ಮಣ್ಣು ಹತ್ತಿದ್ರ ಒಬ್ಬಂವಂದ ಹತ್ತತೈತಿ. ಇಬ್ರು ಕೂಡಿ ಒಂದ ಪಟ್ಟ ಹೆಂಗ ಇಟಗೋತಾರ? ಮೆಕ್ಸಿಕೋ ಎಲ್ಲಿ ಬರತೈತಿ ಅದು?"

ಕೇಬಲ್ಲಿನವನಿಗೆ ಗೊತ್ತಿದ್ದಷ್ಟು ನಾನು ಹೇಳಿದೆ. "ಗೋವಾದ ಆ ಕಡೆ, ದೊಡಪ್ಪ."

"ಹಂಗಾರ ಬ್ಯಾರೇನ ಇರತೈತಿ ಬಿಡು," ಎಂದು ಒಪ್ಪಿಕೊಂಡ. ಈಗ ಭೂಗೋಳದ ಶಿಕ್ಷಕಿಯಾಗಿ ನಕಾಶೆ ನೋಡಿದರೆ ನಾನು ಹೇಳಿದ್ದು ತಪ್ಪೇನಲ್ಲ. ಗೋವಾದ ಆ ಕಡೆಯೇ ಇದೆ, ನಡುವೆ ಎರಡು ಸಮುದ್ರ, ಒಂದು ಖಂಡ ಇವೆ, ಅಷ್ಟೇ.

ಒಪ್ಪಿಕೊಂಡ ಮೇಲೆ ದೊಡ್ಡಪ್ಪ ತನ್ನ ಬುದ್ಧಿಯಿಂದಲೇ ನಿಯಮ ಮಾಡಿದ. ಒಬ್ಬರ ಬೆನ್ನು ಮಣ್ಣಿಗೆ ಹತ್ತಿದ ಮಾತ್ರಕ್ಕೆ ಜೋಡಿ ಸೋತಂತಲ್ಲ. ಬಿದ್ದವರು ತೆವಳಿಕೊಂಡಾದರೂ ಬಂದು ಕೈ ಎತ್ತಬೇಕು, ಹಗ್ಗದಾಚೆ ನಿಂತವರು ಕೈ ಚಾಚಿರಬೇಕು. ಅಂಗೈಗೆ ಅಂಗೈ ಮುಟ್ಟಿದರೆ ಜೋಡಿ ಉಳಿಯಿತು, ಆಚೆಯವರು ಒಳಗೆ ಹೋಗಬೇಕು. ಮುಟ್ಟದಿದ್ದರೆ ಪಟ್ಟ ಹೋಯಿತು. ಎಷ್ಟು ಹೊತ್ತಿನೊಳಗೆ ಮುಟ್ಟಬೇಕು? ದೊಡ್ಡಪ್ಪನ ಹತ್ತಿರ ಗಡಿಯಾರವಿರಲಿಲ್ಲ, ತಪಕೀರಿನ ಡಬ್ಬಿ ಇತ್ತು. ಬೆನ್ನು ಮಣ್ಣಿಗೆ ಹತ್ತಿದ ಕೂಡಲೇ ಅವನು ಒಂದು ಚಿಟಿಕೆ ತಪಕೀರು ಮೂಗಿಗೇರಿಸುತ್ತಿದ್ದ. ಅವನಿಗೆ ಸೀನು ಬರುವುದರೊಳಗೆ ಕೈ ಮುಟ್ಟಬೇಕು.

ಜನ್ಮವೆಲ್ಲ ಹಿಟ್ಟಿನ ಧೂಳು ಕುಡಿದ ಮೂಗು ಅದು, ಸುಲಭಕ್ಕೆ ಸೀನುತ್ತಿರಲಿಲ್ಲ. ಮುಖವನ್ನು ಆಕಾಶಕ್ಕೆತ್ತಿ, ಬಾಯಿ ಅರ್ಧ ತೆರೆದು, ಕಣ್ಣು ಸಣ್ಣ ಮಾಡಿ ನಿಂತುಬಿಡುತ್ತಿದ್ದ. ಆಗ ಕುಸ್ತಿಯನ್ನು ಯಾರೂ ನೋಡುತ್ತಿರಲಿಲ್ಲ. ಓಣಿಗೆ ಓಣಿಯೇ ಅವನ ಮೂಗನ್ನು ನೋಡುತ್ತಿತ್ತು. ಬಂತು ಬಂತು ಎನ್ನುವಾಗ ಹಿಂದೆ ಹೋಗುತ್ತಿತ್ತು. ಹಿಂದೆ ಹೋದ ಸೀನನ್ನು ಲೆಕ್ಕಕ್ಕೆ ಹಿಡಿಯುವಂತಿರಲಿಲ್ಲ, ಅದೂ ನಿಯಮವೇ.

ಇನ್ನೊಂದು ನಿಯಮವನ್ನು ಮಾಡಿದವರು ವಿದ್ಯುತ್ ಇಲಾಖೆಯವರು. ಕರೆಂಟು ಇದ್ದಾಗ ದೊಡ್ಡಪ್ಪನಿಗೆ ಗಿರಣಿಯ ಕೆಲಸ. ಕರೆಂಟು ಹೋದಾಗ ಮಾತ್ರ ಅವನಿಗೆ ಪಂಚನಾಗಿ ನಿಂತು ತೀರ್ಪು ಕೊಡಲು ಬಿಡುವು. ಹೀಗಾಗಿ ಬೇರೆಲ್ಲರೂ ಕರೆಂಟು ಹೋದರೆ ಶಾಪ ಹಾಕುತ್ತಿದ್ದಾಗ ನಮ್ಮ ಓಣಿಯ ಮಕ್ಕಳು ಮುಖವಾಡ ಹುಡುಕುತ್ತಿದ್ದರು. ಕರೆಂಟು ಬಂದರೆ ಕುಸ್ತಿ ಇದ್ದಲ್ಲಿಗೇ ಬಂದ್. ಯಾರು ಯಾರ ಮೇಲೆ ಕೂತಿದ್ದರೂ ಎದ್ದು ಮಣ್ಣು ಕೊಡವಿಕೊಂಡು ಮನೆಗೆ ಹೋಗಬೇಕು.

ಮುಖವಾಡ ಹೊಲಿದುಕೊಟ್ಟವರು ಶಾಹೀನಳ ತಂದೆ. ಅವರು ಓಣಿಯ ಟೇಲರು, ಮಾತು ಕಡಿಮೆ, ಬಾಯಲ್ಲಿ ಯಾವಾಗಲೂ ಗುಂಡುಪಿನ್ನು. ಹೆಂಗಸರ ಜಂಪರು, ಅಂದರೆ ಕುಪ್ಪಸ, ಹೊಲಿದು ಉಳಿದ ತುಂಡುಗಳಲ್ಲೇ ಮುಖವಾಡ ಮಾಡುತ್ತಿದ್ದರು. ಮೆಕ್ಸಿಕೋದಲ್ಲಿ ಮುಖವಾಡ ಹಾಕಿಕೊಳ್ಳುವುದು ಯಾರೆಂದು ತಿಳಿಯಬಾರದೆಂದು. ನಮ್ಮಲ್ಲಿ ಆಯಾ ಮನೆಯ ಜಂಪರಿನ ಬಟ್ಟೆಯಲ್ಲೇ ಆಯಾ ಮನೆಯ ಮಕ್ಕಳ ಮುಖವಾಡ ಆಗುತ್ತಿದ್ದುದರಿಂದ ಬರಿ ಮುಖದಲ್ಲಿ ಗುರುತಾಗದವರೂ ಮುಖವಾಡ ಹಾಕಿದ ಮೇಲೆ ಗುರುತಾಗುತ್ತಿದ್ದರು. ನನ್ನದು ಅವ್ವ ಯಾರದೋ ಲಗ್ನಕ್ಕೆ ಹೊಲಿಸಿದ ಗುಲಾಬಿ. ಶಾಹೀನಳದು ಅವಳ ಅಮ್ಮನ ಪಾಚಿ ಹಸಿರು. ಹುಡುಗಿಯರು ಕುಸ್ತಿ ಆಡುವುದೇ ಎಂದು ಮೊದಲು ಎರಡೂ ಮನೆಯಲ್ಲಿ ಗೊಣಗಿದರು. ದೊಡ್ಡಪ್ಪ ಮಾತ್ರ, "ಮಾರಿ ಮುಚ್ಚಿದ ಮ್ಯಾಲ ನನಗೇನ ಗೊತ್ತ? ಯಾರೋ ಪೈಲ್ವಾನ್ರು ಬಂದಾರ," ಎಂದು ನಮ್ಮನ್ನು ಕಣಕ್ಕೆ ಬಿಟ್ಟ.

ಪಟ್ಟದ ವಿಷಯಕ್ಕೆ ಬರುತ್ತೇನೆ. ಗಿರಣಿಯ ಚಕ್ರ ತಿರುಗಿಸುವ ಹಳೆಯ ತೊಗಲಿನ ಪಟ್ಟಾ ಹರಿದು ಮೂಲೆಗೆ ಬಿದ್ದಿತ್ತು. ಅದನ್ನೇ ಕತ್ತರಿಸಿ, ನಡುವೆ ಹಾಲಿನ ಪುಡಿಯ ಡಬ್ಬಿಯ ಮುಚ್ಚಳ ಜಡಿದು ದೊಡ್ಡಪ್ಪ ಪಟ್ಟ ತಯಾರಿಸಿದ. ಇಬ್ಬರಿಗೆ ಒಂದು ಪಟ್ಟವೆಂದರೆ ಅದು ಇಬ್ಬರ ಸೊಂಟಕ್ಕೂ ಕೂಡಿಯೇ ಸುತ್ತಬೇಕಲ್ಲ ಎಂದು ಅವನು ಅಷ್ಟು ಉದ್ದಕ್ಕೇ ಕತ್ತರಿಸಿದ. ಗೆದ್ದ ಜೋಡಿ ಒಂದೇ ಪಟ್ಟದೊಳಗೆ ನಿಂತು, ಬಕ್ಕಲು ಹಾಕಿಸಿಕೊಂಡು, ಓಣಿಯ ಈ ತುದಿಯಿಂದ ಆ ತುದಿಯವರೆಗೆ ಮೆರವಣಿಗೆ ಹೋಗಬೇಕು. ಮೆಕ್ಸಿಕೋದಲ್ಲಿ ಒಬ್ಬೊಬ್ಬರಿಗೂ ಒಂದೊಂದು ಪಟ್ಟ ಇರುತ್ತದೆಂದು ನನಗೆ ತಿಳಿದದ್ದು ಈಚೆಗೆ. ತಿಳಿದಾಗ ಅವರ ಬಗ್ಗೆ ಸ್ವಲ್ಪ ಕನಿಕರವೇ ಆಯಿತು.

ಪಟ್ಟದ ಮೊದಲ ಒಡೆಯರು ಪಾನಂಗಡಿಯವನ ಇಬ್ಬರು ಗಂಡುಮಕ್ಕಳು. ಕೈ ಮುಟ್ಟುವ ಹೊತ್ತಿಗೆ ಅವರಮ್ಮ ಜಳಕಕ್ಕೆ ಕರೆದದ್ದರಿಂದ ಕಳೆದುಕೊಂಡರು. ಎರಡನೆಯವರು ಎದುರು ಮನೆಯ ಸುರೇಶ ಮತ್ತು ಅವನ ಅಣ್ಣ. ಅವರದು ಮರಾಠಿ ಮನೆ, ಹಾಲು ಬೆಣ್ಣೆಗೆ ಕೊರತೆಯಿಲ್ಲ, ಇಬ್ಬರೂ ಕಂಬದ ಹಾಗಿದ್ದರು. ಎರಡು ಮಳೆಗಾಲ ಅವರನ್ನು ಯಾರೂ ಅಲುಗಿಸಲಿಲ್ಲ. ಮೂರನೆಯವರು ನಾವು.

ನಾವು ಎಂದು ಬಾಯಿ ತುಂಬ ಹೇಳುತ್ತೇನೆ. ನಿಜ ಹೇಳಬೇಕೆಂದರೆ ಒಳಗೆ ಕುಸ್ತಿ ಆಡುತ್ತಿದ್ದವಳು ಶಾಹೀನ. ಅಪ್ಪನ ಅಂಗಡಿಯಲ್ಲಿ ಕತ್ತರಿ ಹಿಡಿದು ಹಿಡಿದು ಅವಳ ಬಲಗೈ ಬೆರಳು ಎಂಥವಾಗಿದ್ದವೆಂದರೆ, ಅವಳು ಮುಂಗೈ ಹಿಡಿದರೆ ಬಿಡಿಸಿಕೊಳ್ಳಲು ಅವಳಿಗೇ ಅರ್ಜಿ ಹಾಕಬೇಕಿತ್ತು. ನನ್ನ ಮುಖ್ಯ ಕೆಲಸ ಹಗ್ಗದಾಚೆ ನಿಂತು ಕೈ ಚಾಚುವುದು. ಅದನ್ನು ನಾನು ಬಹಳ ಚೆನ್ನಾಗಿ ಮಾಡುತ್ತಿದ್ದೆ. ಅವಳು ಕೈ ಮುಟ್ಟಿದಾಗ ನಿಯಮದಂತೆ ಒಳಗೆ ಹೋಗುತ್ತಿದ್ದೆ, ಹೋದ ಕೂಡಲೇ ಹಿಂದೆ ತಿರುಗಿ ಅವಳ ಕೈ ಹುಡುಕುತ್ತಿದ್ದೆ. ನಾನು ಕಣದೊಳಗೆ ಕಳೆದ ಒಟ್ಟು ಹೊತ್ತಿನಲ್ಲಿ ಒಂದು ಚಹಾ ಕುದಿಯಲಾರದು.

ಪಟ್ಟ ಕೈಗೆ ಬಂದ ದಿನ ಶಾಹೀನ ಸುರೇಶನ ಅಣ್ಣನನ್ನು ಅಂಗಾತ ಕೆಡವಿದಳು. ದೊಡ್ಡಪ್ಪ ತಪಕೀರು ಏರಿಸಿದ. ಅಣ್ಣ ಬಿದ್ದಲ್ಲಿಂದಲೇ ಕೈ ಎತ್ತಿದ. ಹಗ್ಗದಾಚೆ ಸುರೇಶ ನಿಂತಿದ್ದ, ಚಾಚಿದರೆ ಸಿಗುವಷ್ಟು ಹತ್ತಿರ. ಆದರೆ ಆ ಹೊತ್ತಿಗೆ ಸರಿಯಾಗಿ ಕರೆಂಟು ಬಂದು ಬಾಜೂ ಮನೆಯ ಟೀವಿಯಲ್ಲಿ ಕ್ರಿಕೆಟ್ ಹತ್ತಿತು. ಸುರೇಶ ಸ್ಕೋರು ಕೇಳಲು ಆ ಕಡೆ ತಿರುಗಿದ. ದೊಡ್ಡಪ್ಪ ಸೀನಿದ.

ಆ ದಿನದಿಂದ ಈ ದಿನದವರೆಗೆ ಸುರೇಶನ ವಾದ ಒಂದೇ. ಕರೆಂಟು ಮೊದಲು ಬಂತು, ಸೀನು ಆಮೇಲೆ ಬಂತು, ಕರೆಂಟು ಬಂದ ಮೇಲೆ ಕುಸ್ತಿಯೇ ಇಲ್ಲದ್ದರಿಂದ ಆ ಸೀನು ನಡೆಯುವುದಿಲ್ಲ. ಎರಡೂ ಕೂಡಿಯೇ ಬಂದವು ಎಂಬುದು ದೊಡ್ಡಪ್ಪನ ತೀರ್ಪು. ನಾನೂ ಶಾಹೀನಳೂ ಒಂದೇ ಪಟ್ಟದೊಳಗೆ ಹೊಕ್ಕು ಓಣಿಯುದ್ದಕ್ಕೂ ನಡೆದೆವು. ಅವಳದು ಉದ್ದ ಹೆಜ್ಜೆ, ನನ್ನದು ಗಿಡ್ಡ. ಎರಡು ಸಲ ಬಿದ್ದೆವು, ಕೂಡಿಯೇ ಬಿದ್ದೆವು. ಸಂತೋಷವೆಂದರೆ ಏನೆಂದು ಯಾರಾದರೂ ಕೇಳಿದರೆ ನನಗೆ ಈಗಲೂ ಆ ತೊಗಲಿನ ವಾಸನೆಯೇ ನೆನಪಾಗುತ್ತದೆ.

ಆಮೇಲೆ ನಾವು ದೊಡ್ಡವರಾದೆವು. ಯಾರೂ ನಮ್ಮನ್ನು ಸೋಲಿಸಲಿಲ್ಲ, ನಾವೂ ಪಟ್ಟ ಬಿಟ್ಟುಕೊಡಲಿಲ್ಲ. ಒಂದು ಮಳೆಗಾಲ ಹಗ್ಗ ಬಿಚ್ಚಿದವರು ಮತ್ತೆ ಕಟ್ಟಲಿಲ್ಲ, ಅಷ್ಟೇ. ಸುರೇಶ ಬೆಳಗಾವಿಯಲ್ಲಿ ಟೈಲ್ಸ್ ಅಂಗಡಿ ಹಾಕಿದ. ಶಾಹೀನ ಮದುವೆಯಾಗಿ ಅಲ್ಲಿಯೇ ಕೋಟೆಯ ಹತ್ತಿರದ ಮನೆಗೆ ಬಂದಳು. ಬರುವಾಗ ಅಪ್ಪನ ಕಾಲಿನ ಹೊಲಿಗೆ ಮಶೀನು ತಂದಳು, ಮುಂದಿನ ಖೋಲಿಯಲ್ಲಿ ಲೇಡೀಜ್ ಟೇಲರಿಂಗ್ ಶುರುಮಾಡಿದಳು. ನಮ್ಮ ಪಟ್ಟವೂ ಅವಳ ಹತ್ತಿರವೇ ಇತ್ತು. ಒಂದು ಸಲ ಹಬ್ಬದ ಗಡಿಬಿಡಿಯಲ್ಲಿ ಮಶೀನಿನ ಬೆಲ್ಟು ಹರಿದಾಗ ಅವಳು ಪಟ್ಟದ ಅಂಚಿನಿಂದಲೇ ಒಂದು ಎಳೆ ಸೀಳಿ ಚಕ್ರಕ್ಕೆ ಸುತ್ತಿದಳು. ಅಲ್ಲಿಂದ ಮುಂದೆ ಖಾನಾಪುರದ ಜೋಡಿ ಪಟ್ಟ ಬೆಳಗಾವಿಯ ಹೆಣ್ಣುಮಕ್ಕಳ ಜಂಪರು ಹೊಲಿಯುತ್ತ ಬಂದಿದೆ. ಈ ಭಾಗ್ಯ ಮೆಕ್ಸಿಕೋದ ಪಟ್ಟಕ್ಕೆ ಬಂದಂತೆ ಕಾಣೆ.

ದೊಡ್ಡಪ್ಪ ಕೆಲವು ವರ್ಷಗಳ ಹಿಂದೆ ತೀರಿಕೊಂಡ. ಹಣೆ ತುಂಬ ವಿಭೂತಿ ಹಚ್ಚಿ ಕೂಡಿಸಿದ್ದರು. ಮೂಗು ಹಾಗೆಯೇ ಇತ್ತು. ಶಾಹೀನ ಬೆಳಗಾವಿಯಿಂದ ಬಂದು ಆ ಮೂಗನ್ನೇ ನೋಡುತ್ತ ಬಹಳ ಹೊತ್ತು ನಿಂತಿದ್ದಳು. ನಾನೂ ನೋಡುತ್ತಿದ್ದೆ.

ಇಷ್ಟೆಲ್ಲ ಈಗ ಯಾಕೆ ಹೇಳುತ್ತಿದ್ದೇನೆಂದರೆ, ಹೋದ ವರ್ಷ ಶಾಹೀನಳಿಗೆ ಲಕ್ವಾ ಹೊಡೆಯಿತು. ಬಿಪಿ ಇತ್ತು, ಗುಳಿಗೆ ನುಂಗುವುದನ್ನು ಗಿರಾಕಿಗಳ ಅವಸರದಲ್ಲಿ ಮರೆಯುತ್ತಿದ್ದಳು. ಬಲಗಡೆ ಪೂರ್ತಿ ಬಿದ್ದುಹೋಯಿತು. ನಾನು ದವಾಖಾನೆಯ ಓಣಿಯಂಥ ವರಾಂಡದಲ್ಲಿ ಬೆಂಚಿನ ಮೇಲೆ ಕೂತಿದ್ದೆ. ನನಗೆ ಬಹಳ ಹೆದರಿಕೆಯಾಗಿತ್ತು. ಹೆದರಿಕೆಯಾದಾಗ ಕೆಲವರು ದೇವರ ನಾಮ ಹೇಳುತ್ತಾರೆ. ನಾನು ಮೊಬೈಲು ತೆಗೆದು ಮೆಕ್ಸಿಕೋದ ಜೋಡಿ ಕುಸ್ತಿ ಪಟ್ಟದ ಇತಿಹಾಸ ಓದಿದೆ.

ಅದೊಂದು ಬಹಳ ಉದ್ದದ ಇತಿಹಾಸ. ಯಾರಿಂದ ಯಾರಿಗೆ ಹೋಯಿತು, ಯಾವ ಊರಿನಲ್ಲಿ ಹೋಯಿತು ಎಂದು ಸಾಲಾಗಿ ಬರೆದಿದ್ದರು. ನಡುನಡುವೆ ಕೆಲವು ಕಾಲ ಪಟ್ಟ ಯಾರ ಹತ್ತಿರ ಇತ್ತೆಂದೇ ಗೊತ್ತಿಲ್ಲವಂತೆ. ಕೂಡಿ ಪಟ್ಟ ಗೆದ್ದವರೇ ಆಮೇಲೆ ಜಗಳಾಡಿ ಒಬ್ಬರ ಮುಖವಾಡ ಒಬ್ಬರು ಕಿತ್ತದ್ದೂ ಇದೆ. ಕೆಲವು ಸಾಲುಗಳಲ್ಲಿ ಹೆಸರೇ ಇರಲಿಲ್ಲ, ಪಟ್ಟ ಖಾಲಿ ಎಂದಿತ್ತು. ಕಾರಣದ ಜಾಗದಲ್ಲಿ, ಜೋಡಿಯಲ್ಲಿ ಒಬ್ಬನಿಗೆ ಪೆಟ್ಟಾದದ್ದರಿಂದ ಎಂದು ಬರೆದಿತ್ತು. ಇನ್ನೊಬ್ಬನಿಗೆ ಏನಾಯಿತೆಂದು ಎಲ್ಲೂ ಬರೆದಿರಲಿಲ್ಲ. ನಾನು ಅದನ್ನು ಬಹಳ ಹುಡುಕಿದೆ. ಸಿಗದಿದ್ದಾಗ, ಯಾರಿಗಾದರೂ ತೋರಿಸಬೇಕೆನಿಸಿ ಸುರೇಶನಿಗೆ ಕಳಿಸಿದೆ.

ಶಾಹೀನ ಮನೆಗೆ ಬಂದಳು. ಕಾಲು ಬೇಗ ಸುಧಾರಿಸಿತು, ಮಾತು ಸ್ವಲ್ಪ ತೊದಲಿದರೂ ಬಂತು. ಬಲಗೈ ಬರಲಿಲ್ಲ. ವ್ಯಾಯಾಮ ಮಾಡಿಸುವ ಹುಡುಗಿ ದಿನಾ ಬಂದು, ಕೈ ಎತ್ತರಿ ಮೌಶಿ, ಸ್ವಲ್ಪ ಎತ್ತರಿ ಎನ್ನುತ್ತಿದ್ದಳು. ಶಾಹೀನ ಕೇಳಿಸದವಳಂತೆ ಕಿಟಕಿ ನೋಡುತ್ತಿದ್ದಳು. ಕೈ ಮಡಿಲಲ್ಲಿ, ಬೇರೆ ಯಾರೋ ಮರೆತು ಇಟ್ಟುಹೋದ ವಸ್ತುವಿನ ಹಾಗೆ ಬಿದ್ದಿರುತ್ತಿತ್ತು. ಒಂದು ದಿನ ಅವಳ ಮಗಳು ಆಯೇಶಾ ನನಗೆ ಫೋನು ಮಾಡಿದಳು.

"ಖಾಲಾ, ಅಮ್ಮಿ ಮಶೀನ್ ಯಾರಿಗರ ಕೊಟ್ಟಬಿಡ್ರಿ ಅನ್ನಾಕತ್ತಾಳ. ಅದರ ಮ್ಯಾಲ ಚಾದರ ಹೊಚ್ಚಿಸ್ಯಾಳ. ನೀವು ಸ್ವಲ್ಪ ಬಂದು ಹೇಳ್ರಿ."

ಬುದ್ಧಿ ಹೇಳುವುದು ನನ್ನ ವೃತ್ತಿ. ಆದರೂ ಶಾಹೀನಳಿಗೆ ಬುದ್ಧಿ ಹೇಳಿ ನನಗೆ ಅಭ್ಯಾಸವಿಲ್ಲ. ಐತವಾರ ಸುರೇಶನನ್ನೂ ಕರೆದುಕೊಂಡು ಹೋದೆ. ಅವನು ಮೋಸಂಬಿ ತಂದಿದ್ದ. ರೋಗಿಗಳನ್ನು ನೋಡಲು ಹೋದಾಗ ಏನು ಮಾತಾಡಬೇಕೆಂದು ಅವನಿಗೆ ಯಾವತ್ತೂ ಗೊತ್ತಾಗುವುದಿಲ್ಲ. ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಚಾದರ ಹೊದ್ದ ಮಶೀನನ್ನು ನೋಡುತ್ತ ಕೂತ.

"ಮಶೀನ್ ಕೊಡತಿಯಂತ," ಎಂದ.

ಶಾಹೀನ ಹೂಂ ಎಂದಳು.

"ಮತ್ತ ಅದರ ಬೆಲ್ಟ? ಅದು ಪಟ್ಟದ್ದ ಐತೆಲ್ಲ."

"ಅದರ ಸಂಗಾಟನ ಹೋಗ್ಲಿ."

ಸುರೇಶ ತಲೆಯಾಡಿಸಿದ. "ಆತು. ಹೆಂಗೂ ಖಾಲೀನ ಆಗಿತ್ತು ಅದು. ಮೆಕ್ಸಿಕೋದಾಗ ಜೋಡಿಯೊಳಗ ಒಬ್ರಿಗೆ ಏನರ ಆತಂದ್ರ ಪಟ್ಟ ಖಾಲಿ ಅಂತ ಬರೀತಾರ. ಗಿರಿಜಾನ ಕಳಸ್ಯಾಳ ನನಗ, ಮೊಬೈಲದಾಗ."

ಗಿರಿಜಾ ಎಂದರೆ ನಾನು. ಚಹಾ ತರುತ್ತಿದ್ದ ಆಯೇಶಾ ಬಾಗಿಲಲ್ಲೇ ನಿಂತಳು. ನಾನು 'ಸುರೇಶಾ' ಎಂದೆ. ಶಾಹೀನ ಕಿಟಕಿಯಿಂದ ಮುಖ ತಿರುಗಿಸಿದಳು. ದವಾಖಾನೆಯಿಂದ ಬಂದ ಮೇಲೆ ಅವಳು ಯಾರನ್ನಾದರೂ ನೆಟ್ಟಗೆ ನೋಡಿದ್ದು ಅದೇ ಮೊದಲು. ಆ ನೋಟ ನನಗೆ ಗೊತ್ತಿತ್ತು. ಹಸಿರು ಮುಖವಾಡದ ಎರಡು ತೂತುಗಳೊಳಗಿಂದ ಅದನ್ನು ಬಹಳ ಸಲ ನೋಡಿದ್ದೆ.

ನಾನು ಕೈ ಚಾಚಿದೆ. ಯೋಚಿಸಿ ಚಾಚಿದ್ದಲ್ಲ. ಎದುರಿಗೆ ಸುರೇಶನಿದ್ದು ಶಾಹೀನ ಬಿದ್ದಿದ್ದರೆ ನನ್ನ ಕೈ ತಾನಾಗಿ ಮುಂದೆ ಹೋಗುತ್ತದೆ. ನಡುವೆ ಮಶೀನಿತ್ತು, ಸುಮಾರು ಆ ಹಗ್ಗದಷ್ಟೇ ಎತ್ತರಕ್ಕೆ. ಶಾಹೀನ ನನ್ನ ಕೈ ನೋಡಿದಳು, ಆಮೇಲೆ ಮಡಿಲಲ್ಲಿದ್ದ ತನ್ನ ಕೈ ನೋಡಿದಳು. ಕೈ ಅಲುಗಿತು. ಮಡಿಲು ಬಿಟ್ಟು ಒಂದಿಷ್ಟು ಮೇಲೆ ಬಂತು, ನಡುಗಿತು, ಮತ್ತೆ ಮಡಿಲಿಗೇ ಬಿತ್ತು. ಮತ್ತೊಮ್ಮೆ ಎತ್ತಿದಳು. ಮತ್ತೆ ಬಿತ್ತು. ಅವಳ ಹಣೆಯ ಮೇಲೆ ಬೆವರು ಬಂದಿತ್ತು. ನಾವು ಮೂವರೂ ಆ ಕೈಯನ್ನೇ ನೋಡುತ್ತಿದ್ದೆವು.

"ಟೈಮ್ ಆತು ಶಾಹೀನ," ಎಂದ ಸುರೇಶ. ಮೆಲ್ಲಗೆ ಹೇಳಿದ. ಅವನಿಗೂ ಹೇಳಲು ಮನಸ್ಸಿರಲಿಲ್ಲವೆಂದು ಕಾಣುತ್ತದೆ.

ಶಾಹೀನ ಒಂದೊಂದೇ ಮಾತನ್ನು ಹುಡುಕಿ ತೆಗೆದು ಕೇಳಿದಳು. "ದೊಡಪ್ಪ... ಸೀನಿದ್ನೇನು?"

"ದೊಡಪ್ಪ ಎಲ್ಲಿಂದ..." ಎಂದು ಶುರು ಮಾಡಿದ ಸುರೇಶ ಅಲ್ಲಿಗೇ ನಿಲ್ಲಿಸಿದ. ತೊಡೆಯ ಮೇಲಿನ ಮೋಸಂಬಿ ಚೀಲವನ್ನು ಕೆಳಗಿಟ್ಟ. ಅವನು ಜೀವಮಾನವೆಲ್ಲ ಒಂದು ಸೀನಿನ ಮೇಲೆ ತಕರಾರು ಮಾಡಿದವನು, ನಿಯಮವೆಂದರೆ ಅವನಿಗೆ ನಿಯಮವೇ.

"ಇಲ್ಲ," ಎಂದ ಕೊನೆಗೆ. "ಸೀನಿಲ್ಲ."

"ಮತ್ತ?"

"ಮತ್ತೇನು. ಸೀನು ಬರೂಮಟಾ ಟೈಮ್ ಐತಿ. ಪಟ್ಟ ನಿಮ್ದ."

ನಾನು ಅಡುಗೆಮನೆಗೆ ಹೋಗಿ ಸ್ವಲ್ಪ ಅತ್ತೆ. ತಿರುಗಿ ಬಂದಾಗ ಸುರೇಶ ಮೋಸಂಬಿಗಳನ್ನು ಒಂದೊಂದಾಗಿ ತೆಗೆದು ಒರೆಸುತ್ತಿದ್ದ, ಒರೆಸುವ ಅಗತ್ಯವೇನೂ ಇರಲಿಲ್ಲ. ಅವನು ಬೇಕೆಂದೇ ಹಾಗೆ ಮಾತಾಡಿದನೋ, ಅಥವಾ ರೋಗಿಯ ಮುಂದೆ ಆಡಬಾರದ್ದನ್ನೇ ಆಡುವ ತನ್ನ ಸ್ವಭಾವಕ್ಕೆ ತಕ್ಕಂತೆ ಆಡಿದನೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಿದರೆ ಅವನು ಕರೆಂಟಿನ ವಿಷಯ ತೆಗೆಯುತ್ತಾನೆ.

ಅಂದು ಮಶೀನಿನ ಮೇಲಿನ ಚಾದರ ತೆಗೆಸಿದಳು ಶಾಹೀನ. ಯಾರಿಗೂ ಕೊಡುವ ಮಾತು ಮತ್ತೆ ಬರಲಿಲ್ಲ. ಪ್ರತಿ ಐತವಾರ ನಾನು ಸ್ಕೂಟಿ ಹತ್ತಿ ಹೋಗಿ ಮಶೀನಿನ ಈ ಕಡೆ ಕೂತು ಕೈ ಚಾಚಿದೆ. ಮೊದಲೇ ಹೇಳಿದೆನಲ್ಲ, ಈ ಕೆಲಸ ನನಗೆ ಚೆನ್ನಾಗಿ ಬರುತ್ತದೆ. ವಾರದ ದಿನಗಳಲ್ಲಿ ವ್ಯಾಯಾಮದ ಹುಡುಗಿ ಹೇಳಿದ್ದನ್ನೆಲ್ಲ ಶಾಹೀನ ಹಲ್ಲು ಕಚ್ಚಿ ಮಾಡಿದಳು. ಇಷ್ಟು ಹಟ ಎಲ್ಲಿಂದ ಬಂತ್ರಿ ಮೌಶಿಗೆ ಎಂದು ಆ ಹುಡುಗಿ ನನ್ನನ್ನು ಕೇಳಿದಳು. ಮೆಕ್ಸಿಕೋದಿಂದ ಎಂದರೆ ಆಕೆಗೆ ತಿಳಿಯುತ್ತಿರಲಿಲ್ಲ. ಅವರ ಮನೆತನವೇ ಹಾಗೆ ಎಂದುಬಿಟ್ಟೆ.

ಕೈ ಮಡಿಲಿನಿಂದ ಮೊಣಕಾಲಿಗೆ ಬಂತು. ಮೊಣಕಾಲಿನಿಂದ ಮಶೀನಿನ ಹಲಗೆಯ ಅಂಚಿಗೆ ಬಂತು, ಅಲ್ಲಿ ಒಂದು ಮಳೆಗಾಲವಿಡೀ ನಿಂತುಕೊಂಡಿತು. ಅವಳು ಸಿಟ್ಟಿಗೆದ್ದ ದಿನಗಳಿದ್ದವು. ಅಳುತ್ತ ನನ್ನನ್ನು ಮನೆಗೆ ಹೋಗು ಎಂದ ದಿನವೂ ಇತ್ತು. ಹೋಗಲಿಲ್ಲ. ಹಗ್ಗದಾಚೆಯವಳು ಜಾಗ ಬಿಟ್ಟರೆ ಏನಾಗುತ್ತದೆಂದು ನಾನು ಸುರೇಶನನ್ನು ನೋಡಿ ಕಲಿತಿದ್ದೇನೆ.

ಮೊನ್ನೆ ಐತವಾರ, ನಾನು ಕೈ ಚಾಚಿಕೊಂಡು ಆಯೇಶಾಳ ಜೊತೆ ಪರೀಕ್ಷೆಯ ಮಾತಾಡುತ್ತ ಕೂತಿದ್ದಾಗ, ಅಂಗೈಗೆ ಏನೋ ತಾಗಿತು. ನೋಡಿದರೆ ಶಾಹೀನಳ ಅಂಗೈ. ಹಲಗೆಯ ಮೇಲೆ, ಮಶೀನಿನ ತೋಳನ್ನೂ ದಾಟಿ, ಈ ಕಡೆಗೇ ಬಂದಿತ್ತು. ಬೆರಳುಗಳು ಇನ್ನೂ ಸರಿಯಾಗಿ ಮಡಚುತ್ತಿರಲಿಲ್ಲ. ಆದರೂ ಹಿಡಿದವು. ಬಿಡಿಸಿಕೊಳ್ಳುವಂತಿರಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ, ನಾನು ಬಿಡಿಸಿಕೊಳ್ಳಲು ನೋಡಲಿಲ್ಲ.

ನಾನು ಏನಾದರೂ ದೊಡ್ಡ ಮಾತು ಹೇಳಬೇಕೆಂದು ಗಂಟಲು ಸರಿಮಾಡಿಕೊಂಡೆ. ಅವಳು ಅವಕಾಶ ಕೊಡಲಿಲ್ಲ.

"ಮುಟ್ಟಿದೆ," ಎಂದಳು. "ನಿಂದು ಪಾಳಿ. ಒಳಗ ಹೋಗು."

"ಎಲ್ಲಿ ಒಳಗ?"

ಎಡಗೈಯಿಂದ ಮಶೀನಿನ ಹಿಂದಿನ ಸ್ಟೂಲು ತೋರಿಸಿದಳು. "ಕುಂದರು. ಒಂದ ಜಂಪರ್ ಉಳದೈತಿ. ನಾ ಹೇಳತೇನಿ, ನೀ ಹೊಲಿ."

ನಾನು ಜೀವಮಾನದಲ್ಲಿ ಗುಂಡಿ ಹಚ್ಚಿದವಳಲ್ಲ. ಆದರೆ ನಿಯಮ ನಿಯಮವೇ. ಹೋಗಿ ಕೂತೆ. ಕಾಲು ಒತ್ತಿದರೆ ಚಕ್ರ ಹಿಂದಕ್ಕೆ ತಿರುಗಿತು, ದಾರ ಹರಿಯಿತು, ದಾರವನ್ನು ಮತ್ತೆ ಪೋಣಿಸುವಷ್ಟರಲ್ಲಿ ಕಣ್ಣಿಗೆ ಕತ್ತಲೆ ಬಂತು. ದೊಡ್ಡಪ್ಪನ ಗಿರಣಿಯ ತೊಗಲು ಚಕ್ರದ ಮೇಲೆ ಕಿರ್ರ್ ಎಂದು ತಿರುಗುತ್ತಿತ್ತು. ಹೊಲಿಗೆ ಖಾನಾಪುರದ ಘಾಟಿನ ಹಾಗೆ ಡೊಂಕು ಬಿದ್ದು ಬಟ್ಟೆಯ ಹೊರಗೇ ಹೋಗಿಬಿಟ್ಟಿತು. ಎಷ್ಟೋ ವರ್ಷಗಳ ಹಿಂದೆ ಮಾಡುತ್ತಿದ್ದುದನ್ನೇ ಮಾಡಿದೆ. ಹಿಂದೆ ತಿರುಗಿ ಅವಳ ಕಡೆಗೆ ಕೈ ಚಾಚಿದೆ.

ಶಾಹೀನ ನನ್ನ ಕೈಯನ್ನು ನೋಡಿದಳು. ಆಮೇಲೆ ಆರಾಮಾಗಿ ಕುರ್ಚಿಗೆ ಒರಗಿ, ಆಯೇಶಾಳಿಗೆ ಚಹಾ ಇಡಲು ಹೇಳಿ, ತನ್ನ ಬಲಗೈಯನ್ನು ತಾನೇ ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು.

"ಅವಸರ ಏನೈತಿ," ಎಂದಳು. "ದೊಡಪ್ಪ ಇನ್ನಾ ಸೀನಿಲ್ಲ. ಹೊಲಿ."